ಮಳೆಗಾಲದಲ್ಲಿ ಮಕ್ಕಳ ವಾರ್ಡು: ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಸೇವೆ ಹೇಗಿದೆ?

ಹುಬ್ಬಳ್ಳಿಯಲ್ಲಿ ಮಕ್ಕಳ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ವಿದ್ಯಾನಗರ, ಕೇಶ್ವಾಪುರ, ದೇಶಪಾಂಡೆನಗರ, ಗೋಕುಲ ರಸ್ತೆ, ಎಲ್ಲಿ ಹೋದರೂ ಒಂದೆರಡು ಫಲಕಗಳು ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಯಾವುದು ಒಳ್ಳೆಯದೆಂದು ಯಾರನ್ನಾದರೂ ಕೇಳಿದರೆ ಉತ್ತರ ಬಹುಮಟ್ಟಿಗೆ ವೈದ್ಯರ ಕೈಗುಣದ ಮಾತಿನಲ್ಲೇ ಮುಗಿಯುತ್ತದೆ. ಮಗುವಿಗೆ ಇನ್‌ಫ್ಲುಯೆಂಜಾ ಅಥವಾ ಬೇರಾವುದೇ ಉಸಿರಾಟದ ಸೋಂಕು ತಗುಲಿ ಒಳರೋಗಿಯಾಗಿ ಸೇರಿಸಬೇಕಾದ ಸಂದರ್ಭದಲ್ಲಿ ಕೈಗುಣಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ವಾರ್ಡಿನ ಶಿಸ್ತು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಈ ಕಾಯಿಲೆಗಳಲ್ಲಿ ವೈದ್ಯರು ಮಾಡಬಹುದಾದ ಔಷಧೋಪಚಾರ ಬಹಳ ಕಡಿಮೆ. ಗಮನವಿಟ್ಟು ನೋಡಿಕೊಳ್ಳುವ ಕೆಲಸ ಬಹಳ ಹೆಚ್ಚು. ಕಳೆದ ಮಳೆಗಾಲದಲ್ಲಿ ಅಣ್ಣಿಗೇರಿಯಲ್ಲಿರುವ ನನ್ನ ತಂಗಿಯ ಮಗನನ್ನು, ಆಗಿನ್ನೂ ನಡೆಯಲು ಕಲಿಯುತ್ತಿದ್ದ ಕೂಸನ್ನು, ಇನ್‌ಫ್ಲುಯೆಂಜಾ ಎ ಸೋಂಕಿನಿಂದ ನಗರದ ಮಧ್ಯಮ ಗಾತ್ರದ ಖಾಸಗಿ ಮಕ್ಕಳ ಆಸ್ಪತ್ರೆಯೊಂದರಲ್ಲಿ ಸೇರಿಸಿದ್ದೆವು. ತಂಗಿಯ ಜೊತೆಗೆ ವಾರ್ಡಿನಲ್ಲಿ ಉಳಿದವಳು ನಾನು. ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಹಾಗೆ ಮಾಡುವುದೇ ಸರಿ. ಯಾವ ಆಸ್ಪತ್ರೆಯ ಮೆಟ್ಟಿಲು ಹತ್ತಿದರೂ ಏನನ್ನು ನೋಡಬೇಕು ಎಂಬುದು ಓದುಗರಿಗೆ ಸಿಕ್ಕರೆ ಸಾಕು.

ನಮ್ಮ ದೇಶದಲ್ಲಿ ಇನ್‌ಫ್ಲುಯೆಂಜಾ ವರ್ಷಕ್ಕೆ ಎರಡು ಬಾರಿ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತೊಮ್ಮೆ. ಜುಲೈ ತಿಂಗಳ ಜಿಟಿಜಿಟಿ ಮಳೆ ಹಿಡಿದು, ಕಿಟಕಿ ಬಾಗಿಲು ಮುಚ್ಚಿ ಎಲ್ಲರೂ ಒಳಗೇ ಕುಳಿತು, ಶಾಲೆ ಅಂಗನವಾಡಿಗಳೆಲ್ಲ ತುಂಬಿದ ಮೇಲೆ ಮಕ್ಕಳ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗುವುದೇ ಕಷ್ಟವಾಗುತ್ತದೆ. ಆದುದರಿಂದ ಆಸ್ಪತ್ರೆಯನ್ನು ಅಳೆಯುವುದಿದ್ದರೆ ಈ ತಿಂಗಳುಗಳಲ್ಲೇ ಅಳೆಯಬೇಕು. ಬೇಸಿಗೆಯಲ್ಲಿ ಖಾಲಿ ವಾರ್ಡನ್ನು ನೋಡಿ ಬಂದು ಒಳ್ಳೆಯ ಮಾತು ಬರೆಯುವುದರಲ್ಲಿ ಅರ್ಥವಿಲ್ಲ.

ಮೊದಲಿಗೆ ಈ ಆಸ್ಪತ್ರೆಯ ಅತ್ಯುತ್ತಮ ಅಂಶವನ್ನು ಹೇಳಿಬಿಡುತ್ತೇನೆ. ಬಾಗಿಲ ಬಳಿಯೇ ಒಬ್ಬ ಹಿರಿಯ ಸಿಸ್ಟರ್ ಕುಳಿತಿರುತ್ತಾರೆ. ಕೇಸ್ ಪೇಪರ್ ಮಾಡಿಸಿ, ಹಣ ಕಟ್ಟಿ, ಸರದಿಯ ಚೀಟಿ ಹಿಡಿದು ಬನ್ನಿ ಎಂದು ಅವರು ಹೇಳುವುದಿಲ್ಲ. ಮೊದಲು ಮಗುವಿನ ಅಂಗಿ ಮೇಲೆತ್ತಿ ಎದೆಗೂಡನ್ನು ನೋಡುತ್ತಾರೆ. ನಮ್ಮ ಸರದಿ ಬಂದಾಗ ತಂಗಿ ಗಾಬರಿಯಿಂದ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳತೊಡಗಿದ್ದಳು. ಸಿಸ್ಟರ್ ಕೈಗಡಿಯಾರ ನೋಡುತ್ತಾ, "ಒಂದ್ ನಿಮಿಷ ಪೂರ್ತಿ ಎಣಸ್ತೀನ್ರಿ ಅಕ್ಕಾರ, ಕೂಸಿನ್ನ ಮಾತಾಡಿಸಬ್ಯಾಡ್ರಿ" ಎಂದು ಅವಳನ್ನು ಸುಮ್ಮನಾಗಿಸಿದರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅವಸರದ ಪದ್ಧತಿ ಹಲವೆಡೆ ಇದೆ. ಸಣ್ಣ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲವಾದ್ದರಿಂದ ಪೂರ್ತಿ ಒಂದು ನಿಮಿಷ, ಅದೂ ಮಗು ಅಳದೆ ಶಾಂತವಾಗಿರುವಾಗ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡರಿಂದ ಹನ್ನೊಂದು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಉಸಿರು ಬಂದರೆ ಅದನ್ನು ವೇಗದ ಉಸಿರಾಟವೆಂದು ಪರಿಗಣಿಸಬೇಕು. ಉಸಿರೆಳೆದುಕೊಂಡಾಗ ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುವುದು ಇನ್ನೂ ಗಂಭೀರ ಲಕ್ಷಣ. ನಮ್ಮ ಕೂಸಿಗೆ ಇವೆರಡೂ ಇದ್ದವು. ಜೊತೆಗೆ ಹಾಲು ಕುಡಿಯುವುದನ್ನೂ ಬಿಟ್ಟಿತ್ತು.

ಬೆರಳಿಗೆ ಹಾಕುವ ಆಕ್ಸಿಮೀಟರಿನ ವಿಷಯದಲ್ಲಿಯೂ ಈ ಸಿಸ್ಟರ್ ಅವಸರ ಮಾಡಲಿಲ್ಲ. ಕೋವಿಡ್ ಕಾಲದಲ್ಲಿ ಪ್ರತಿ ಮನೆಯವರೂ ಒಂದೊಂದು ಕೊಂಡಿಟ್ಟಿದ್ದಾರೆ. ಆದರೆ ಅವು ದೊಡ್ಡವರ ಬೆರಳಿಗೆ ಮಾಡಿದವು. ಕೂಸಿನ ಬೆರಳಿಗೆ ಅವುಗಳನ್ನು ಸಿಕ್ಕಿಸಿದರೆ ಬರುವ ಅಂಕಿಯನ್ನು ನಂಬಲಾಗದು. ಇಲ್ಲಿ ಪಾದಕ್ಕೆ ಸುತ್ತುವ ಮೃದುವಾದ ಪಟ್ಟಿಯನ್ನು ಬಳಸುತ್ತಾರೆ. ಮಳೆಯಲ್ಲಿ ಬಂದ ಮಗುವಿನ ಕಾಲು ತಣ್ಣಗಿದ್ದರೆ ಮೊದಲು ಉಜ್ಜಿ ಬೆಚ್ಚಗೆ ಮಾಡುತ್ತಾರೆ, ಅಂಕಿ ಒಂದೇ ಕಡೆ ನಿಂತ ಮೇಲೆಯೇ ಬರೆದುಕೊಳ್ಳುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯ ಇನ್‌ಫ್ಲುಯೆಂಜಾ ರೋಗಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗವಾಗಿ ವಿಂಗಡಿಸಿದೆ. ಸಾಧಾರಣ ಜ್ವರ, ಕೆಮ್ಮು, ಗಂಟಲು ನೋವಿನ ಮೊದಲ ವರ್ಗದವರಿಗೆ ಪರೀಕ್ಷೆಯೂ ಬೇಡ, ಆಸ್ಪತ್ರೆಯೂ ಬೇಡ. ಉಸಿರಾಟದ ತೊಂದರೆ, ಮಂಪರು, ತುಟಿ ಉಗುರುಗಳು ನೀಲಿಗಟ್ಟುವುದು, ಮಕ್ಕಳಲ್ಲಿ ಆಹಾರ ನಿರಾಕರಣೆ ಇವುಗಳಿದ್ದರೆ ಸಿ ವರ್ಗ, ತಕ್ಷಣ ಒಳರೋಗಿಯಾಗಿ ಸೇರಿಸಬೇಕು. ನಮ್ಮ ಮುಂದಿನ ಸರದಿಯಲ್ಲಿದ್ದ ಒಂದು ಮಗುವನ್ನು ಈ ಆಧಾರದ ಮೇಲೆ ಮನೆಗೆ ಕಳುಹಿಸಿದರು. ಆ ತಂದೆಗೆ ಅದು ಸಮಾಧಾನವಾದಂತೆ ಕಾಣಲಿಲ್ಲ. ಹಾಸಿಗೆ ತುಂಬಿಸುವ ಆಸೆಯಿಲ್ಲದ ಆಸ್ಪತ್ರೆ ಎಂದು ನನಗೆ ಅನ್ನಿಸಿದ್ದು ಅಲ್ಲಿಯೇ.

ಇಷ್ಟು ಒಳ್ಳೆಯ ಬಾಗಿಲನ್ನು ದಾಟಿದರೆ ಸಿಗುವ ಪಡಸಾಲೆ ಮಾತ್ರ ಬೇಸರ ಹುಟ್ಟಿಸುತ್ತದೆ. ಕೆಮ್ಮುವ ಮಕ್ಕಳು, ಲಸಿಕೆ ಹಾಕಿಸಲು ಬಂದ ಒಂದೂವರೆ ತಿಂಗಳ ಹಸುಗೂಸುಗಳು, ಹೊಟ್ಟೆನೋವಿನವರು, ಜೊತೆಗೆ ಬಂದ ಅಣ್ಣ ಅಕ್ಕಂದಿರು ಎಲ್ಲರೂ ಒಂದೇ ಸಾಲು ಬೆಂಚುಗಳ ಮೇಲೆ ಮೈಗೆ ಮೈ ತಾಗಿಸಿ ಕುಳಿತಿರುತ್ತಾರೆ. ಇನ್‌ಫ್ಲುಯೆಂಜಾ ಮುಖ್ಯವಾಗಿ ಕೆಮ್ಮು ಸೀನುಗಳ ಹನಿಗಳಿಂದ ಹತ್ತಿರವಿದ್ದವರಿಗೆ ಹರಡುತ್ತದೆ. ಶಿಶುಗಳ ಶ್ವಾಸನಾಳವನ್ನು ಕಾಡುವ ಆರ್‌ಎಸ್‌ವಿ ವೈರಾಣುವಂತೂ ಕುರ್ಚಿಯ ತೋಳು, ಬಾಗಿಲ ಹಿಡಿಕೆ, ಆಟಿಕೆಗಳ ಮೇಲೆ ಹಲವು ಗಂಟೆಗಳ ಕಾಲ ಉಳಿದುಕೊಳ್ಳಬಲ್ಲದು. ಮೂಲೆಯಲ್ಲಿ ಮಕ್ಕಳ ಆಟಕ್ಕೆಂದು ಇಟ್ಟಿದ್ದ ಬಣ್ಣದ ಪ್ಲಾಸ್ಟಿಕ್ ಆಟಿಕೆಗಳು ಒಂದು ಮಗುವಿನ ಬಾಯಿಂದ ಇನ್ನೊಂದರ ಬಾಯಿಗೆ ಹೋಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಲಸಿಕೆಗೆ ಬೇರೆ ಹೊತ್ತು ಗೊತ್ತುಪಡಿಸುವುದಕ್ಕೆ, ಕೆಮ್ಮುವವರಿಗೆ ಒಂದು ಬದಿಯ ಬೆಂಚುಗಳನ್ನು ಮೀಸಲಿಡುವುದಕ್ಕೆ, ಆಟಿಕೆಗಳನ್ನು ಮಳೆಗಾಲ ಮುಗಿಯುವವರೆಗೆ ಎತ್ತಿಡುವುದಕ್ಕೆ ಹಣ ಬೇಕಾಗಿಲ್ಲ. ಯಾರಾದರೂ ಮನಸ್ಸು ಮಾಡಬೇಕಷ್ಟೆ.

ಚಿಕಿತ್ಸೆಯ ಗುಣಮಟ್ಟಕ್ಕೆ ಬಂದರೆ ನನಗೆ ದೂರು ಬಹುತೇಕ ಇಲ್ಲ. ಮೂಗಿನ ದ್ರವದ ಮಾದರಿಯನ್ನು ತೆಗೆದುಕೊಂಡ ತಕ್ಷಣ, ವರದಿಗಾಗಿ ಕಾಯದೆ, ಇನ್‌ಫ್ಲುಯೆಂಜಾ ವೈರಾಣುವನ್ನು ತಡೆಯುವ ಓಸೆಲ್ಟಾಮಿವಿರ್ ಔಷಧವನ್ನು ಆರಂಭಿಸಿದರು. ಜ್ವರ ಬಂದ 48 ಗಂಟೆಗಳೊಳಗೆ ಕೊಟ್ಟರೆ ಇದರ ಪ್ರಯೋಜನ ಹೆಚ್ಚು. ಆಸ್ಪತ್ರೆಗೆ ಸೇರುವಷ್ಟು ಕಾಯಿಲೆಯಾದ ಮಗುವಿಗೆ ಆ ಅವಧಿ ದಾಟಿದ್ದರೂ ಕೊಡುವುದು ರೂಢಿ. ಇದರಿಂದ ಪವಾಡವಾಗುತ್ತದೆಂದು ವೈದ್ಯರು ಹೇಳಲಿಲ್ಲ. ಕಾಯಿಲೆಯ ಅವಧಿ ಸುಮಾರು ಒಂದು ದಿನ ಕಡಿಮೆಯಾಗಬಹುದು, ತೊಡಕುಗಳು ತಪ್ಪಬಹುದು, ಕೆಲವು ಮಕ್ಕಳಿಗೆ ವಾಂತಿಯಾಗುತ್ತದೆ, ಏನಾದರೂ ತಿನ್ನಿಸಿದ ಮೇಲೆ ಕೊಟ್ಟರೆ ಅದು ಕಡಿಮೆ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ ದಿನಕ್ಕೆ ಎರಡು ಬಾರಿ ಐದು ದಿನ ಬಿಡದೆ ಕೊಡಬೇಕು ಎಂದು ತಂಗಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೇನೂ ಇಲ್ಲ. ಇನ್‌ಫ್ಲುಯೆಂಜಾ ಇರುವ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಮಿದುಳು ಮತ್ತು ಯಕೃತ್ತಿಗೆ ಧಕ್ಕೆ ತರುವ ರೇ ಸಿಂಡ್ರೋಮ್ ಬರುವ ಅಪಾಯವಿದೆ ಎಂಬುದನ್ನೂ ಅವರು ಕೇಳದೆಯೇ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಮನೆಯಲ್ಲಿ ಅಜ್ಜನ ಹೃದಯದ ಗುಳಿಗೆಯ ಡಬ್ಬಿಯೂ ಕೂಸಿನ ಔಷಧದ ಡಬ್ಬಿಯೂ ಒಂದೇ ಮಾಡದಲ್ಲಿ ಇರುತ್ತವೆ ತಾನೆ.

ಪರೀಕ್ಷೆಗಳ ವಿಷಯದಲ್ಲಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗಳಿಗೆ ಒಳ್ಳೆಯ ಹೆಸರಿಲ್ಲ. ಹತ್ತಾರು ವೈರಾಣುಗಳನ್ನು ಒಟ್ಟಿಗೆ ಹುಡುಕುವ ದುಬಾರಿ ಪರೀಕ್ಷೆಯನ್ನೂ ಮಾಡಿಸಿಬಿಡೋಣವೇ ಎಂದು ನಾವೇ ಕೇಳಿದಾಗ, ವರದಿಯಿಂದ ಚಿಕಿತ್ಸೆ ಬದಲಾಗುವುದಿದ್ದರೆ ಮಾತ್ರ ಅದು ಬೇಕು, ಸದ್ಯಕ್ಕೆ ಬೇಡ ಎಂದು ಡ್ಯೂಟಿ ಡಾಕ್ಟರು ತಡೆದರು. ಎಕ್ಸ್‌-ರೇ ಒಮ್ಮೆ ಮಾತ್ರ ತೆಗೆದರು. ಆಂಟಿಬಯೋಟಿಕ್ ಆರಂಭಿಸಲಿಲ್ಲ. ಇನ್‌ಫ್ಲುಯೆಂಜಾ ಹಿಡಿದ ಮಕ್ಕಳಲ್ಲಿ ಕೆಲವರಿಗೆ ಅದರ ಬೆನ್ನಿಗೇ ನ್ಯೂಮೋಕಾಕಸ್ ಅಥವಾ ಸ್ಟಫೈಲೋಕಾಕಸ್ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಬರುತ್ತದೆ. ಜ್ವರ ಇಳಿದು ಮಗು ಗೆಲುವಾಗಿ, ಮತ್ತೆ ಜ್ವರ ಏರಿ ಉಸಿರಾಟ ಕೆಟ್ಟರೆ ಆಗ ಆಂಟಿಬಯೋಟಿಕ್ ಕೊಡುತ್ತೇವೆ, ಅಲ್ಲಿಯವರೆಗೆ ವೈರಾಣುವಿಗೆ ಅದು ನಾಟುವುದಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ಹಳ್ಳಿಯ ಕಡೆ ಮೊದಲ ದಿನವೇ ಇಂಜೆಕ್ಷನ್ ಚುಚ್ಚಿಸಿಕೊಂಡು ಬರುವ ನಮ್ಮ ರೂಢಿಗೆ ಇದು ಒಗ್ಗುವುದು ಸುಲಭವಲ್ಲ.

ಪಕ್ಕದ ಹಾಸಿಗೆಯಲ್ಲಿ ನವಲಗುಂದದ ಕಡೆಯ ಹಳ್ಳಿಯೊಂದರಿಂದ ಬಂದ ನಾಲ್ಕು ತಿಂಗಳ ಹೆಣ್ಣು ಕೂಸು ಇತ್ತು. ಅದಕ್ಕಿದ್ದದ್ದು ಆರ್‌ಎಸ್‌ವಿಯಿಂದ ಬಂದ ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸಕೋಶದ ಅತಿ ಸಣ್ಣ ಕೊಳವೆಗಳ ಉರಿಯೂತ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಈ ಕಾಯಿಲೆಗೆ ಅತಿ ಸಾಮಾನ್ಯ ಕಾರಣವೇ ಈ ವೈರಾಣು. ರೂಢಿಯಲ್ಲಿ ಕೊಡುವ ಔಷಧ ಇದಕ್ಕೆ ಯಾವುದೂ ಇಲ್ಲ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಾಮಾಲ್ ಹಬೆಯಾಗಲಿ, ಸ್ಟೆರಾಯ್ಡ್ ಆಗಲಿ, ಆಂಟಿಬಯೋಟಿಕ್ ಆಗಲಿ ವಾಡಿಕೆಯಂತೆ ಕೊಡಬಾರದೆಂಬುದು ಈಗ ಒಪ್ಪಿತವಾಗಿರುವ ಮಾತು. ಆದರೆ ಕೂಸಿನ ಅಜ್ಜಿಗೆ ಇದನ್ನು ನಂಬಿಸುವುದು ಹೇಗೆ? "ಸಿಸ್ಟರ್, ಒಂದ್ ಇಂಜೆಕ್ಷನ್ನರ ಮಾಡ್ರೆಲಾ, ನಮ್ಮೂರ ಡಾಕ್ಟ್ರು ಹೋದಕೂಡ್ಲೆ ಮಾಡ್ತಾರ" ಎಂದು ಆಕೆ ದಿನವೂ ಕೇಳುತ್ತಿದ್ದಳು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಹಾಗೆಯೇ ಉಳಿದಿದೆ: "ಇದಕ್ಕ ಇಂಜೆಕ್ಷನ್ ಇಲ್ರಿ ಅಜ್ಜಿ. ಕೂಸಿನ ಮೂಗು ಸ್ವಚ್ಛ ಇಟ್ಟು, ಆಕ್ಸಿಜನ್ ಕೊಟ್ಟು, ಹೊಟ್ಟಿಗೆ ಹಾಲು ಹೋಗೂ ಹಂಗ ನೋಡಿಕೊಂಡ್ರ ತಾನ ಇಳೀತದ. ಇನ್ನೂ ಒಂದೆರಡು ದಿನ ಹೆಚ್ಚಾಗಬಹುದು. ಅದನ್ನ ನೋಡಾಕ ನಿಮ್ಮನ್ನ ಇಲ್ಲೆ ಇಟ್ಕೊಂಡೀವಿ." ಬ್ರಾಂಕಿಯೋಲೈಟಿಸ್ ಮೂರನೆಯ ದಿನದಿಂದ ಐದನೆಯ ದಿನದವರೆಗೆ ಉಲ್ಬಣಗೊಂಡು ಆಮೇಲೆ ಇಳಿಯುವ ಕಾಯಿಲೆ. ಹೆಚ್ಚಾಗಬಹುದೆಂದು ಮೊದಲೇ ಹೇಳಿದ್ದರಿಂದ, ಹೆಚ್ಚಾದಾಗ ಆ ಮನೆಯವರು ಕೂಸನ್ನು ಎತ್ತಿಕೊಂಡು ಬೇರೆ ಆಸ್ಪತ್ರೆಗೆ ಓಡಲಿಲ್ಲ.

ಆಕ್ಸಿಜನ್ ಕೊಡುವ ರೀತಿ ಚೊಕ್ಕವಾಗಿತ್ತು. ಮೂಗಿಗೆ ಸಿಕ್ಕಿಸುವ ತೆಳುವಾದ ಕೊಳವೆ, ನೀರಿನ ಬಾಟಲಿಯ ಮೂಲಕ ಹಾಯ್ದು ತೇವಗೊಂಡು ಬರುವ ಆಮ್ಲಜನಕ, ಕೊಳವೆ ಕಳಚಿದರೆ ಕೂಗುವ ಮಾನಿಟರು. ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ ಶೇಕಡಾ 90ಕ್ಕಿಂತ ಕೆಳಗಿಳಿದರೆ ಕೊಡಲೇಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. ಇಲ್ಲಿ ಅದಕ್ಕಿಂತ ತುಸು ಮೇಲೆಯೇ ಆರಂಭಿಸುತ್ತಾರೆ. ಇಷ್ಟಕ್ಕೂ ಮಣಿಯದ ಮಕ್ಕಳಿಗೆ ಬೆಚ್ಚಗಿನ ತೇವದ ಗಾಳಿಯನ್ನು ರಭಸದಿಂದ ಕೊಡುವ ಹೈ ಫ್ಲೋ ಯಂತ್ರವಿದೆ, ಆದರೆ ಮಳೆಗಾಲದಲ್ಲಿ ಅದು ಯಾವಾಗಲೂ ಯಾರಿಗಾದರೂ ಹಾಕಿರುತ್ತದೆ. ವೆಂಟಿಲೇಟರ್ ಬೇಕಾದವರನ್ನು ಬೇರೆಡೆಗೆ ಕಳುಹಿಸುತ್ತಾರೆ. ಸೇರಿಸುವ ಮುನ್ನವೇ ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಕೇಳದಿದ್ದರೆ ತಾವಾಗಿ ಹೇಳುವುದಿಲ್ಲ. ಹಬೆ ಕೊಡುವ ಮಾಸ್ಕನ್ನು ಪ್ರತಿ ಮಗುವಿಗೂ ಹೊಸದಾಗಿ ಕೊಟ್ಟು ಹೆಸರು ಬರೆದ ಚೀಲದಲ್ಲಿ ಇಡುತ್ತಿದ್ದುದನ್ನು ಗಮನಿಸಿದೆ. ಕಟ್ಟಿದ ಮೂಗಿಗೆ ಉಪ್ಪುನೀರಿನ ಹನಿ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಎದೆಗೆ ಹಾಕಿಕೊಳ್ಳುವಂತೆ ತಾಯಂದಿರಿಗೆ ಹೇಳಿಕೊಡುತ್ತಿದ್ದರು. ಒಮ್ಮೆಲೇ ಕುಡಿಯಲಾರದ ಕೂಸಿಗೆ ಸ್ವಲ್ಪಸ್ವಲ್ಪ, ಮೇಲಿಂದ ಮೇಲೆ ಎಂಬ ಈ ಪಾಠಕ್ಕೆ ಯಾವ ಬಿಲ್ಲಿನಲ್ಲೂ ದರವಿಲ್ಲ. ನಮ್ಮ ಕೂಸು ಸಲೈನ್ ಬಿಟ್ಟು ಹಾಲಿಗೆ ಮರಳಿದ್ದು ಇದರಿಂದಲೇ.

ಎದುರಿನ ಹಾಸಿಗೆಯ ಒಂದನೆಯ ತರಗತಿಯ ಹುಡುಗನ ಕಥೆ ಸ್ವಲ್ಪ ಬೇರೆ. ಜ್ವರ ಇಳಿಯುತ್ತಾ ಬಂದಾಗ ಅವನು ಕಾಲಿನ ಮೀನಖಂಡಗಳು ನೋಯುತ್ತವೆಂದು ನೆಲಕ್ಕೆ ಕಾಲಿಡಲು ಒಪ್ಪಲಿಲ್ಲ. ಅವನ ಅಪ್ಪ ಪೋಲಿಯೋದಂಥದ್ದೇನೋ ಎಂದು ಕಂಗಾಲಾಗಿದ್ದ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ, ವಿಶೇಷವಾಗಿ ಇನ್‌ಫ್ಲುಯೆಂಜಾ ಬಿ ಸೋಂಕಿನ ನಂತರ, ಮೀನಖಂಡದ ಸ್ನಾಯುಗಳಿಗೆ ಉರಿಯೂತ ಬರುವುದುಂಟು; ಕೆಲವು ದಿನಗಳಲ್ಲಿ ತಾನಾಗಿ ಗುಣವಾಗುತ್ತದೆ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಮೂತ್ರದ ಬಣ್ಣ ಕಪ್ಪಾದರೆ ತಕ್ಷಣ ತಿಳಿಸಲು ಹೇಳಿ, ಚೆನ್ನಾಗಿ ನೀರು ಕುಡಿಸಲು ತಿಳಿಸಿದರು. ಎಮ್‌ಆರ್‌ಐ, ನರತಜ್ಞರು ಎಂದು ಅಲೆದಾಡಿಸಲಿಲ್ಲ.

ಈಗ ನನ್ನ ದೊಡ್ಡ ದೂರು. ಇಷ್ಟೆಲ್ಲ ಬಲ್ಲ ಆಸ್ಪತ್ರೆಗೆ ತನ್ನ ವಾರ್ಡಿನೊಳಗೆ ಸೋಂಕು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ದಾಟದಂತೆ ತಡೆಯಬೇಕೆಂಬ ಎಚ್ಚರ ಸಾಲದು. ಹಾಸಿಗೆಗಳ ನಡುವೆ ಕನಿಷ್ಠ ಒಂದು ಮೀಟರ್ ಅಂತರವಿರಬೇಕೆಂಬುದು ಎಲ್ಲರೂ ಒಪ್ಪುವ ನಿಯಮ. ಇಲ್ಲಿ ಇಬ್ಬರು ತಾಯಂದಿರು ತಮ್ಮ ತಮ್ಮ ಹಾಸಿಗೆಯಿಂದಲೇ ಕೈಚಾಚಿ ಬಿಸ್ಕೀಟಿನ ಪೊಟ್ಟಣವನ್ನು ಕೊಟ್ಟು ತೆಗೆದುಕೊಳ್ಳಬಹುದು. ಇನ್‌ಫ್ಲುಯೆಂಜಾ ಇರುವ ನಮ್ಮ ಕೂಸಿನ ಪಕ್ಕದಲ್ಲೇ ಆರ್‌ಎಸ್‌ವಿ ಇರುವ ನಾಲ್ಕು ತಿಂಗಳ ಕೂಸನ್ನು ಹಾಕಿದ್ದು ಸರಿಯಲ್ಲ. ಆರು ತಿಂಗಳೊಳಗಿನ ಮಗುವಿಗೆ ಇನ್‌ಫ್ಲುಯೆಂಜಾ ಲಸಿಕೆ ಹಾಕಲು ಬರುವುದಿಲ್ಲ. ವಾರ್ಡಿನಲ್ಲಿ ಅಂಥ ಕೂಸಿಗೆ ದೂರ ಇಡುವುದೇ ಮುಖ್ಯ ರಕ್ಷಣೆ. ಒಂದೇ ವೈರಾಣುವಿನ ಮಕ್ಕಳನ್ನು ಒಂದು ಕಡೆ ಸೇರಿಸುವುದು, ಅದು ಆಗದಿದ್ದರೆ ನಡುವೆ ಪರದೆ ಮತ್ತು ಅಂತರ ಇಡುವುದು, ಇನ್‌ಫ್ಲುಯೆಂಜಾ ರೋಗಿಯನ್ನು ಕಾಯಿಲೆ ಆರಂಭವಾದಂದಿನಿಂದ ಏಳು ದಿನ ಅಥವಾ ಜ್ವರ ಮತ್ತು ಉಸಿರಾಟದ ಲಕ್ಷಣಗಳು ಹೋಗಿ 24 ಗಂಟೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ಪ್ರತ್ಯೇಕವಾಗಿ ನೋಡಿಕೊಳ್ಳುವುದು ಆಸ್ಪತ್ರೆಗಳಲ್ಲಿ ಪಾಲಿಸಬೇಕಾದ ಕ್ರಮ. ಚಿಕ್ಕ ಮಕ್ಕಳು ದೊಡ್ಡವರಿಗಿಂತ ಹೆಚ್ಚು ದಿನ ವೈರಾಣುವನ್ನು ಹೊರಹಾಕುತ್ತಾರೆ. ಹೀಗಿದ್ದೂ ಹಾಸಿಗೆ ಖಾಲಿಯಾದ ಕಡೆ ಮಗುವನ್ನು ಮಲಗಿಸುವುದೇ ಇಲ್ಲಿಯ ಪದ್ಧತಿ.

ಸಂಜೆಯ ಭೇಟಿಯ ಹೊತ್ತನ್ನು ವರ್ಣಿಸುವುದೇ ಬೇಡ. ಊರಿನ ಬಸ್ಸು ಇಳಿದ ಬಂಧುಗಳು ಬಾಳೆಹಣ್ಣು, ಬ್ರೆಡ್ಡು ಹಿಡಿದುಕೊಂಡು ಗುಂಪಾಗಿ ಬರುತ್ತಾರೆ. ಅವರಲ್ಲಿ ನೆಗಡಿಯಾದವರೂ ಇರುತ್ತಾರೆ, ಮಕ್ಕಳೂ ಇರುತ್ತಾರೆ. ಎಲ್ಲರೂ ಒಬ್ಬೊಬ್ಬರಾಗಿ ಕೂಸಿನ ಗಲ್ಲ ಮುಟ್ಟಿ ಮುದ್ದಿಸುತ್ತಾರೆ. ಬಾಗಿಲಲ್ಲಿ ಕಾವಲುಗಾರನಿದ್ದಾನೆ, ಅವನು ಪಾಸು ಕೇಳುತ್ತಾನೆ, ಕೆಮ್ಮು ಕೇಳುವುದಿಲ್ಲ. ಕಾಯಿಲೆಯಾದಾಗ ಕಾಣಲು ಬರುವುದು ನಮ್ಮ ಕಡೆಯ ಮರ್ಯಾದೆಯೆಂಬುದನ್ನು ಬಲ್ಲೆ, ಬಾರದಿದ್ದರೆ ಮಾತು ಬರುತ್ತದೆಂಬುದನ್ನೂ ಬಲ್ಲೆ. ಆ ಮಾತಿನ ಭಾರವನ್ನು ಮನೆಯವರ ತಲೆಯ ಮೇಲೆ ಹೊರಿಸದೆ ಆಸ್ಪತ್ರೆಯೇ ತನ್ನ ಮೇಲೆ ಹಾಕಿಕೊಂಡು, ಮಳೆಗಾಲದಲ್ಲಿ ಒಬ್ಬರ ಹೊರತು ಯಾರೂ ಬರಬಾರದೆಂದು ಫಲಕ ಹಾಕಿದರೆ ಎಲ್ಲರಿಗೂ ಅನುಕೂಲ. ಹಾಸಿಗೆಯ ಕಾಲಬುಡದಲ್ಲಿ ಸ್ಯಾನಿಟೈಸರ್ ಬಾಟಲಿಗಳಿವೆ. ಬೆಳಿಗ್ಗೆ ತುಂಬಿರುತ್ತವೆ, ಜನ ಸೇರುವ ಸಂಜೆಗೆ ಖಾಲಿ. ಸಿಸ್ಟರುಗಳು ಮಾತ್ರ ಒಂದು ಮಗುವನ್ನು ಮುಟ್ಟಿ ಇನ್ನೊಂದರ ಬಳಿ ಹೋಗುವ ಮೊದಲು ಕೈ ತೊಳೆಯುವುದನ್ನು ಮರೆಯಲಿಲ್ಲ. ದೊಡ್ಡ ಡಾಕ್ಟರ ರೌಂಡ್ಸ್ ಸಮಯದಲ್ಲಿ ಅವರ ಸ್ಟೆಥಾಸ್ಕೋಪು ಒಂದು ಎದೆಯಿಂದ ಇನ್ನೊಂದು ಎದೆಗೆ ಒರೆಸದೆಯೇ ಹೋಯಿತು. ದೂರು ಪುಸ್ತಕದಲ್ಲಿ ಇವಿಷ್ಟನ್ನೂ ಬರೆದಿಟ್ಟು ಬಂದಿದ್ದೇನೆ.

ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದೆ, ಅದೂ ಅರ್ಧಕ್ಕರ್ಧ ಹ್ರಸ್ವಾಕ್ಷರಗಳಲ್ಲಿ. ಬಾಯಿಮಾತಿನಲ್ಲಿ ಇಷ್ಟು ಚೆನ್ನಾಗಿ ತಿಳಿಸಿ ಹೇಳುವ ಆಸ್ಪತ್ರೆ, ಮನೆಗೆ ಹೋದ ಮೇಲೆ ಯಾವ ಲಕ್ಷಣ ಕಂಡರೆ ಮರಳಿ ಬರಬೇಕೆಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಬಾರದೇಕೆ? ಕೇಂದ್ರ ಸರ್ಕಾರ 2019ರ ನವೆಂಬರಿನಲ್ಲಿ ಮಕ್ಕಳ ನ್ಯುಮೋನಿಯಾ ತಡೆಗೆ ಸಾನ್ಸ್ ಎಂಬ ಅಭಿಯಾನವನ್ನು ಆರಂಭಿಸಿದಾಗಿನಿಂದ ವೇಗದ ಉಸಿರು, ಪಕ್ಕೆ ಸೆಳೆತ, ಹಾಲು ಕುಡಿಯದಿರುವುದು ಮುಂತಾದವನ್ನು ತಾಯಂದಿರಿಗೆ ತಿಳಿಸುವ ಕೆಲಸ ಆಶಾ ಕಾರ್ಯಕರ್ತೆಯರ ಮೂಲಕ ನಡೆಯುತ್ತಲೇ ಇದೆ. ಖಾಸಗಿಯವರು ಅದನ್ನೇ ಬಳಸಿಕೊಳ್ಳಬಹುದು. ಚೀಟಿಯಲ್ಲಿ ಕೆಮ್ಮಿನ ಸಿರಪ್ ಇರಲಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ನೆಗಡಿಗೆ ಬಳಸುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲೇ ಸೂಚಿಸಿದ್ದರು; 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷಪೂರಿತ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಬರೆಯಲೇಬಾರದೆಂದೂ ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡವೆಂದೂ ಕೇಂದ್ರದ ಸಲಹೆ ಬಂದಿತು. ಕೂಸಿನ ಮೂಗಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿ, ಅದು ಶ್ವಾಸಕೋಶಕ್ಕೆ ಇಳಿದರೆ ಅದೇ ಒಂದು ನ್ಯುಮೋನಿಯಾ ಆಗುತ್ತದೆ ಎಂದು ಸಿಸ್ಟರ್ ಹೇಳಿದಾಗ ನಮ್ಮ ತಾಯಿಯ ಮುಖ ಸ್ವಲ್ಪ ಸಪ್ಪಗಾಯಿತು. ಒಲೆಯ ಹೊಗೆಯಿಂದ ಕೂಸನ್ನು ದೂರ ಇಡಬೇಕೆಂಬುದನ್ನು ಆಕೆ ಮರುಮಾತಿಲ್ಲದೆ ಒಪ್ಪಿಕೊಂಡರು.

ಲಸಿಕೆಯ ವಿಷಯದಲ್ಲಿ ಆಸ್ಪತ್ರೆಯ ನಡತೆ ವ್ಯಾಪಾರಿಯದ್ದಾಗಿರಲಿಲ್ಲ. ಮೊದಲು ತಾಯಿ ಕಾರ್ಡನ್ನು ತರಿಸಿ ನೋಡಿದರು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ, ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್, ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ ಹಾಕುವ ನ್ಯೂಮೋಕಾಕಸ್ ಲಸಿಕೆ, ದಡಾರ ರುಬೆಲ್ಲಾ ಇವೆಲ್ಲ ಆಗಿವೆಯೆಂದು ಖಚಿತಪಡಿಸಿಕೊಂಡರು. ಇವು ನ್ಯುಮೋನಿಯಾದ ದೊಡ್ಡ ಕಾರಣಗಳಿಂದ ಕಾಪಾಡುತ್ತವೆ. ಇನ್‌ಫ್ಲುಯೆಂಜಾ ಲಸಿಕೆ ಸರ್ಕಾರದ ಸಾರ್ವತ್ರಿಕ ಪಟ್ಟಿಯಲ್ಲಿ ಇಲ್ಲ, ಹಣ ಕೊಟ್ಟು ಹಾಕಿಸಬೇಕು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಪ್ರತಿವರ್ಷ ಇದನ್ನು ಸೂಚಿಸುತ್ತದೆ. ಮೊದಲ ಬಾರಿಗೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು, ಸಾಧ್ಯವಾದರೆ ಮಳೆಗಾಲಕ್ಕೆ ಮೊದಲು. ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಲಸಿಕೆಯ ಘಟಕಗಳನ್ನು ಪ್ರಕಟಿಸುತ್ತದೆ. ಬಿ ಯಮಗಾಟ ಎಂಬ ತಳಿ 2020ರ ಮಾರ್ಚ್ ನಂತರ ಎಲ್ಲಿಯೂ ಖಚಿತವಾಗಿ ಕಂಡಿಲ್ಲವಾದ್ದರಿಂದ ನಾಲ್ಕು ಘಟಕಗಳ ಲಸಿಕೆಯ ಬದಲು ಮೂರರದ್ದೇ ಸಾಕೆಂಬ ಶಿಫಾರಸು ಬಂದಿದೆ. ಹೆಚ್ಚು ಬೆಲೆಯದ್ದೇ ಬೇಕೆಂದು ಹಟ ಹಿಡಿಯಬೇಡಿ ಎಂದು ವೈದ್ಯರೇ ಹೇಳಿದರು. ಗರ್ಭಿಣಿ ತಾಯಿ ಹಾಕಿಸಿಕೊಂಡರೆ ಹುಟ್ಟುವ ಕೂಸಿಗೆ ಮೊದಲ ತಿಂಗಳುಗಳಲ್ಲಿ ರಕ್ಷಣೆ ಸಿಗುತ್ತದೆ ಎಂಬುದನ್ನೂ, ಮನೆಯ ದೊಡ್ಡವರು ಹಾಕಿಸಿಕೊಂಡರೆ ಸಣ್ಣವರಿಗೆ ಒಳ್ಳೆಯದೆಂಬುದನ್ನೂ ಹೇಳಿ, ಕೂಸು ಪೂರ್ತಿ ಗುಣವಾದ ಮೇಲೆ ಬರುವಂತೆ ತಿಳಿಸಿದರು.

ಬಿಲ್ಲಿನಲ್ಲಿ ಔಷಧದ ಪಾಲು ಕಡಿಮೆ, ಹಾಸಿಗೆ, ಶುಶ್ರೂಷೆ ಮತ್ತು ಆಕ್ಸಿಜನ್ ಬಾಬ್ತು ಹೆಚ್ಚು. ಈ ಕಾಯಿಲೆಯ ಸ್ವರೂಪಕ್ಕೆ ಅದು ತಕ್ಕುದೇ. ಆಕ್ಸಿಜನ್ನನ್ನು ಗಂಟೆಯ ಲೆಕ್ಕದಲ್ಲಿ ಹಾಕಿದ್ದರು. ನಿಲ್ಲಿಸಿದ ಹೊತ್ತು ಕೇಸ್ ಹಾಳೆಯಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು ಇತ್ತು. ತೋರಿಸಿದ ಮೇಲೆ ತಕರಾರಿಲ್ಲದೆ ತಿದ್ದಿದರು, ಆದರೆ ತೋರಿಸದಿದ್ದರೆ ಹಾಗೆಯೇ ಹೋಗುತ್ತಿತ್ತು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಈ ಆಸ್ಪತ್ರೆ ಅದರ ನೋಂದಣಿಯಲ್ಲಿ ಇಲ್ಲ, ಮತ್ತು ಹಾಗೆಂದು ಎಲ್ಲಿಯೂ ಫಲಕ ಹಾಕಿಲ್ಲ. ನವಲಗುಂದದ ಆ ಕುಟುಂಬಕ್ಕೆ ಇದು ತಿಳಿದದ್ದು ಕೂಸನ್ನು ಸೇರಿಸಿದ ಮೇಲೆ. ಅಂಥವರಿಗೆ ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ, ಅಂದರೆ ಜನರ ಬಾಯಲ್ಲಿ ಇಂದಿಗೂ ಕಿಮ್ಸ್ ಆಗಿಯೇ ಉಳಿದಿರುವ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ಗದಗ ಮತ್ತು ಹಾವೇರಿಗಳಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಉಸಿರಾಟ ಕಷ್ಟವಾಗಿರುವ ಮಗುವನ್ನು ಬಸ್ಸಿನಲ್ಲಿ ಕರೆತರುವ ಬದಲು 108ಕ್ಕೆ ಕರೆ ಮಾಡಿದರೆ ದಾರಿಯಲ್ಲೇ ಆಕ್ಸಿಜನ್ ಸಿಗುತ್ತದೆ.

ಅಂಕ ಕೊಡಲೇಬೇಕೆಂದರೆ ಚಿಕಿತ್ಸೆ ಮತ್ತು ಶುಶ್ರೂಷೆಗೆ ಐದಕ್ಕೆ ನಾಲ್ಕೂವರೆ, ಸೋಂಕು ತಡೆಗೆ ಒಂದೂವರೆ, ಕಾಗದಪತ್ರಕ್ಕೆ ಎರಡು ಕೊಡುತ್ತೇನೆ. ಒಂದು ವರ್ಷ ದಾಟಿದ, ಆಕ್ಸಿಜನ್ ಮತ್ತು ನಿಗಾ ಬೇಕಾದ ಮಗುವಿಗೆ ಈ ಆಸ್ಪತ್ರೆಯನ್ನು ನಿಸ್ಸಂಕೋಚವಾಗಿ ಸೂಚಿಸುವೆ. ಎರಡು ಮೂರು ತಿಂಗಳ ಹಸುಗೂಸಾದರೆ, ಹೆಚ್ಚು ಹಣ ತೆತ್ತಾದರೂ ಪ್ರತ್ಯೇಕ ಕೋಣೆಯನ್ನೇ ಕೇಳಿ. ಅವಧಿಗೆ ಮುನ್ನ ಹುಟ್ಟಿದ ಅಥವಾ ಹೃದಯದ ತೊಂದರೆಯಿರುವ ಕೂಸಾದರೆ ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗುವುದೇ ಲೇಸು. ತಪಾಸಣೆಗೆ ಮರಳಿ ಹೋಗುವವರು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಪಡಸಾಲೆ ಇನ್ನೂ ತುಂಬಿರುವುದಿಲ್ಲ. ಸೋಮವಾರ ಮಾತ್ರ ಯಾವ ಹೊತ್ತಿನಲ್ಲಿ ಹೋದರೂ ನಿಲ್ಲಲು ಜಾಗವಿರುವುದಿಲ್ಲ.